ಫ್ಯಾಮಿಲಿಸರ್ಚ್: ನೇಟಾಲ್‌ಗೆ ಹೋದ ಮುತ್ತಾತನ ತಮ್ಮನನ್ನು ಹುಡುಕಿದ ಅನುಭವ

ಪೂರ್ವಿಕರ ಹಳೇ ದಾಖಲೆಗಳನ್ನು ಹುಡುಕಲು ಲಾಕ್‌ಡೌನ್ ಕಾಲದಿಂದ ಫ್ಯಾಮಿಲಿಸರ್ಚ್ ಬಳಸುತ್ತಿದ್ದೇನೆ. ವೆಬ್‌ಸೈಟೂ ಇದೆ, ಆ್ಯಪೂ ಇದೆ. ಒಂದು ರೂಪಾಯಿ ಖರ್ಚಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಬ್ರಿಟಿಷರ ಕಾಲದಲ್ಲಿ ಮದರಾಸಿನಿಂದ ಹಡಗು ಹತ್ತಿ ಕೂಲಿಗೆ ಹೋದವರ ಮನೆಯವರು ನಮ್ಮಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಹೆಸರು ಹಾಕಿ ಹುಡುಕಬೇಡಿ. ನಮ್ಮ ಜನರ ವಿಷಯದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಊರು ಮತ್ತು ತಂದೆಯ ಹೆಸರು, ಇವೆರಡನ್ನೂ ಕೈಯಲ್ಲಿ ಹಿಡಿದು ಹೋಗಿ. ಮುನಿಯಪ್ಪ, ವೆಂಕಟಪ್ಪ, ಹನುಮಕ್ಕ ಅಂತ ಸಾವಿರಾರು ಜನ ಇದ್ದಾರೆ. ಅವರಲ್ಲಿ ನಿಮ್ಮವರು ಯಾರು ಅಂತ ತೋರಿಸಿಕೊಡುವುದು ಊರು.

ನಮ್ಮದು ಮೂಲ ಹೊಸಕೋಟೆ ತಾಲ್ಲೂಕು. ಈಗ ಎಲ್ಲರೂ ಬೆಂಗಳೂರಿನಲ್ಲೇ ಇದ್ದೇವೆ. ನಾನು ರಾಜಾಜಿನಗರದಲ್ಲಿ, ದೊಡ್ಡಪ್ಪನವರು ಕೆ.ಆರ್.ಪುರದಲ್ಲಿ. ಮುತ್ತಾತನಿಗೆ ಒಬ್ಬ ತಮ್ಮ ಇದ್ದ, ಪ್ಲೇಗ್ ಬಂದು ಹೋದ ಮೇಲೆ ಊರು ಬಿಟ್ಟವನು ವಾಪಸ್ ಬರಲೇ ಇಲ್ಲ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಪ್ಲೇಗ್ ಬಂದದ್ದು 1898ರಲ್ಲಿ. ಎಲ್ಲಿಗೆ ಹೋದ ಅಂತ ಕೇಳಿದರೆ, 'ಆಫ್ರಿಕಾ ಕಡೆ, ಕಬ್ಬಿನ ತೋಟಕ್ಕೆ' ಅನ್ನುವಷ್ಟೇ ಅವರಿಗೂ ಗೊತ್ತಿದ್ದದ್ದು.

ಆಫ್ರಿಕಾ, ಕಬ್ಬು, ಮದರಾಸು ಈ ಮೂರೂ ಸೇರಿದರೆ ಮೊದಲು ನೋಡಬೇಕಾದದ್ದು ನೇಟಾಲ್. ಈಗಿನ ದಕ್ಷಿಣ ಆಫ್ರಿಕಾದ ಡರ್ಬನ್ ಸುತ್ತಮುತ್ತಲಿನ ಪ್ರದೇಶ ಅದು. 1860ರ ನವೆಂಬರ್ 16ರಂದು ಟ್ರೂರೋ ಅನ್ನುವ ಹಡಗು ಮದರಾಸಿನಿಂದ 342 ಜನರನ್ನು ಕರೆದುಕೊಂಡು ಡರ್ಬನ್ ಮುಟ್ಟಿತು. ಹೀಗೆ ಕರಾರು ಮಾಡಿಸಿಕೊಂಡು ಕೂಲಿಗೆ ಕರೆದೊಯ್ಯುವ ಪದ್ಧತಿ 1911ರಲ್ಲಿ ನಿಲ್ಲುವ ಹೊತ್ತಿಗೆ ಹೀಗೆ ಹೋದವರು 1,52,184 ಜನ. ಮೂರರಲ್ಲಿ ಎರಡು ಪಾಲು ಜನ ಹೋದದ್ದು ಮದರಾಸಿನಿಂದಲೇ. ತಮಿಳರು, ತೆಲುಗರು ಜಾಸ್ತಿ. ಆದರೆ ಮೈಸೂರು ಸಂಸ್ಥಾನದವರೂ ಅದರಲ್ಲಿ ಇದ್ದರು. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ ಅನ್ನುವುದೇ ನನಗೆ ಬೇಜಾರು.

ಹಡಗಿನ ಪಟ್ಟಿಗಳು ಉಳಿದಿವೆ. ಕ್ವಾಜುಲು-ನೇಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲೆ ಕೇಂದ್ರದವರು ಅವನ್ನು ಕಂಪ್ಯೂಟರಿಗೆ ಹಾಕಿದ್ದಾರೆ. ಫ್ಯಾಮಿಲಿಸರ್ಚ್ ತೆರೆಯುವ ಮೊದಲು ಇಲ್ಲಿಗೆ ಹೋಗಿ ಅನ್ನುವುದು ನನ್ನ ಸಲಹೆ. ನೇಟಾಲ್‌ನಲ್ಲಿ ಹಡಗಿನಿಂದ ಇಳಿದ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟಿದ್ದರು, ಕಲೋನಿಯಲ್ ನಂಬರ್ ಅಂತ. ನಮ್ಮ ಆಧಾರ್ ನಂಬರ್ ಇದ್ದ ಹಾಗೆ. ಮದುವೆ, ಪಾಸು, ಸಾವು ಎಲ್ಲದರಲ್ಲೂ ಅದೇ ಓಡಾಡುತ್ತದೆ. ಆ ನಂಬರ್ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೇ.

ನಮ್ಮವನ ಸಾಲು ಸಿಕ್ಕಿದ್ದು 1902ರ ಒಂದು ಹಡಗಿನ ಪಟ್ಟಿಯಲ್ಲಿ. ವಯಸ್ಸು 22. ತಂದೆಯ ಹೆಸರು ಇದೆ. ಜಾತಿ ಇದೆ. ಜಿಲ್ಲೆ ಬೆಂಗಳೂರು, ತಾಲ್ಲೂಕು ಹೊಸಕೋಟೆ, ಆಮೇಲೆ ನಮ್ಮ ಹಳ್ಳಿ. ಗುರುತಿನ ಕಾಲಮ್ಮಿನಲ್ಲಿ 'ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ' ಅಂತ ಬರೆದಿದೆ. ಆತನ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಅಂಥವನ ಕಾಲಿನ ಕಲೆ ನೂರಿಪ್ಪತ್ತು ವರ್ಷ ಆದ ಮೇಲೆ ನಮಗೆ ಗೊತ್ತಾಯಿತು. ಅವತ್ತು ರಾತ್ರಿ ದೊಡ್ಡಪ್ಪನಿಗೆ ಫೋನಿನಲ್ಲಿ ಅದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ. ಆಮೇಲೆ 'ಇನ್ನೊಂದು ಸಲ ಓದು' ಅಂದರು.

ಹುಡುಕುವಾಗ ಒಂದು ವಿಷಯ ನೆನಪಿಡಿ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡ ಪಟ್ಟಿಗಳು ಇವು. ವೆಂಕಟಪ್ಪ ಹೋಗಿ ವೆಂಕಟನ್ ಆಗಿರಬಹುದು, ವೆಂಕಟಸಾಮಿ ಆಗಿರಬಹುದು. ಹೊಸಕೋಟೆಯಲ್ಲಿ ಮೊದಲ ಅಕ್ಷರವೇ ಬಿಟ್ಟುಹೋಗಿ 'ಓಸ್ಕೋಟ' ಆಗಿರಬಹುದು. ಕೋಲಾರವನ್ನು ಸಿ ಅಕ್ಷರದಿಂದ ಶುರು ಮಾಡಿ ನೋಡಿ. ರಾಮನಗರದವರಾದರೆ 'ಕ್ಲೋಸ್‌ಪೇಟೆ' ಅಂತ ಹುಡುಕಿ, ಆಗ ಊರಿಗೆ ಇದ್ದದ್ದು ಅದೇ ಹೆಸರು. ಫ್ಯಾಮಿಲಿಸರ್ಚ್‌ನಲ್ಲಿ ಗೊತ್ತಿಲ್ಲದ ಅಕ್ಷರಗಳ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿದರೂ ಹುಡುಕುತ್ತದೆ. ಇದು ತುಂಬಾ ಅನುಕೂಲ.

ಈಗ ಫ್ಯಾಮಿಲಿಸರ್ಚ್ ವಿಷಯಕ್ಕೆ ಬರುತ್ತೇನೆ. ಇದನ್ನು ನಡೆಸುವುದು ಅಮೆರಿಕದ ಯೂಟಾ ರಾಜ್ಯದ ಒಂದು ಚರ್ಚು, ಮಾರ್ಮನ್ ಅಂತ ಕರೆಯುತ್ತಾರಲ್ಲ, ಅವರು. ಫ್ಯಾಮಿಲಿಸರ್ಚ್ 1894ರಲ್ಲಿ ಶುರುವಾದ ಸಂಸ್ಥೆ. 1938ರಿಂದ ಜಗತ್ತಿನ ಎಲ್ಲ ಕಡೆಯ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿಕೊಂಡು ಬಂದರು. ಸುಮಾರು 24 ಲಕ್ಷ ಸುರುಳಿಗಳು. 2021ಕ್ಕೆ ಅಷ್ಟನ್ನೂ ಡಿಜಿಟಲ್ ಮಾಡಿ ಮುಗಿಸಿದರು. ಈ ಸೈಟಿನ ನಿಜವಾದ ಶಕ್ತಿ ಈ ಚಿತ್ರಗಳಲ್ಲಿದೆ. ಮುಖಪುಟದ ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಹಾಕಿ ನೋಡಿ 'ಏನೂ ಇಲ್ಲ' ಅಂತ ಮುಚ್ಚಿಬಿಟ್ಟರೆ ನಿಮಗೇ ನಷ್ಟ. ಎಷ್ಟೋ ಪುಟಗಳಿಗೆ ಇನ್ನೂ ಹೆಸರಿನ ಸೂಚಿಯೇ ಆಗಿಲ್ಲ. ಕ್ಯಾಟಲಾಗ್‌ಗೆ ಹೋಗಿ, ಜಾಗದ ಹೆಸರು ಕೊಟ್ಟು, ಕಡತ ತೆರೆದು ಒಂದೊಂದೇ ಪುಟ ತಿರುವಬೇಕು. ಇದಕ್ಕೆ ಮೊಬೈಲ್ ಸಾಲದು, ಕಂಪ್ಯೂಟರೇ ಬೇಕು. ಕೈಬರಹವನ್ನೇ ಓದಿ ಹುಡುಕಿಕೊಡುವ ಸೌಲಭ್ಯ 2024ರಲ್ಲಿ ಬಂತು. ಎಲ್ಲ ಕಡತಕ್ಕೂ ಅದು ಇಲ್ಲ, ಇದ್ದ ಕಡೆ ಮಾತ್ರ ಬಹಳ ಸಮಯ ಉಳಿಯುತ್ತದೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನೇಟಾಲ್‌ನ ರಾಜಧಾನಿ ಪೀಟರ್‌ಮಾರಿಟ್ಜ್‌ಬರ್ಗ್‌ನ ಎಸ್ಟೇಟ್ ಫೈಲುಗಳು, ಅಂದರೆ ತೀರಿಕೊಂಡವರ ಆಸ್ತಿಯ ಕಡತಗಳು. ಅಲ್ಲಿ ಯಾರಾದರೂ ಆಸ್ತಿ ಬಿಟ್ಟು ತೀರಿಕೊಂಡರೆ ಮನೆಯವರು 'ಡೆತ್ ನೋಟಿಸ್' ಅನ್ನುವ ಫಾರಂ ತುಂಬಿಕೊಡಬೇಕಿತ್ತು. ನಮ್ಮ ಮರಣ ಪ್ರಮಾಣಪತ್ರದ ಹಾಗೆ ನಾಲ್ಕು ಸಾಲಿನದಲ್ಲ. ಹುಟ್ಟಿದ ಊರು, ತಂದೆತಾಯಿಯ ಹೆಸರು, ಹೆಂಡತಿ, ಎಲ್ಲ ಮಕ್ಕಳ ಹೆಸರು, ಬಿಟ್ಟುಹೋದ ಆಸ್ತಿ, ಎಲ್ಲ ಅದರಲ್ಲಿ ಬರುತ್ತದೆ. ದೇಶ ಬಿಟ್ಟು ಹೋದವರನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕಾಗದ ನಾನು ನೋಡಿಲ್ಲ. ಆಸ್ತಿ ಇಲ್ಲದವರ ಫೈಲು ಇರುವುದು ಕಷ್ಟ. ನಮ್ಮವನು ಕೊನೆಗೆ ತುಂಡು ಜಮೀನು ಗುತ್ತಿಗೆಗೆ ಹಿಡಿದು ತರಕಾರಿ ಬೆಳೆಯುತ್ತಿದ್ದ, ಅದಕ್ಕೇ ಫೈಲು ಇತ್ತು.

ಆ ಫಾರಮ್ಮಿನಲ್ಲಿ ಸಹಿಯ ಜಾಗದಲ್ಲಿ ಹೆಂಡತಿಯ ಹೆಬ್ಬೆಟ್ಟಿದೆ. ಮೇಲಿನ ಮೂಲೆಯಲ್ಲಿ ಕಲೋನಿಯಲ್ ನಂಬರ್. ತಂದೆಯ ಹೆಸರಿನ ಅಕ್ಷರಗಳು ಹಡಗಿನ ಪಟ್ಟಿಗಿಂತ ಬೇರೆ ಥರ ಇವೆ, ಆದರೆ ಹೆಸರು ಅದೇ. ನನಗೆ ಪೂರ್ತಿ ನಂಬಿಕೆ ಬಂದದ್ದು ಮಕ್ಕಳ ಪಟ್ಟಿ ನೋಡಿದಾಗ. ಹಿರಿಯ ಮಗನಿಗೆ ಆತ ತನ್ನ ಅಪ್ಪನ ಹೆಸರನ್ನೇ ಇಟ್ಟಿದ್ದ. ಇಲ್ಲಿ ನಮ್ಮ ಮುತ್ತಾತನೂ ಹಿರಿಯ ಮಗನಿಗೆ, ಅಂದರೆ ನಮ್ಮ ತಾತನಿಗೆ, ಅದೇ ಹೆಸರಿಟ್ಟಿದ್ದರು. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಕಾಗದ ಬರೆದ ಗುರುತೇ ಇಲ್ಲ. ಆದರೂ ಹೊಸಕೋಟೆಯಲ್ಲೊಬ್ಬ, ಡರ್ಬನ್ ಹತ್ತಿರ ಒಬ್ಬ, ಒಂದೇ ಹೆಸರಿನ ಇಬ್ಬರು ಹುಡುಗರು ಬೆಳೆದರು.

ವಾಪಸ್ ಯಾಕೆ ಬರಲಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಹಳೇ ನೋವು. 'ಮರೆತುಬಿಟ್ಟ' ಅಂತಲೇ ಎಲ್ಲರೂ ಮಾತಾಡುತ್ತಿದ್ದರು. ಕರಾರು ಐದು ವರ್ಷದ್ದು. ಮೊದಲ ವರ್ಷದ ಕೂಲಿ ತಿಂಗಳಿಗೆ 10 ಶಿಲಿಂಗ್. 1895ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ತಂದಿತ್ತು. ಕರಾರು ಮುಗಿದ ಮೇಲೆ ಹೊಸ ಕರಾರೂ ಮಾಡಿಕೊಳ್ಳದೆ, ವಾಪಸ್ಸೂ ಹೋಗದೆ ಅಲ್ಲೇ ಉಳಿದರೆ ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕು. 3 ಪೌಂಡ್ ಅಂದರೆ 60 ಶಿಲಿಂಗ್, ಆ ಲೆಕ್ಕದಲ್ಲಿ ಆರು ತಿಂಗಳ ಕೂಲಿ. ಗಾಂಧೀಜಿಯ 1913ರ ಹೋರಾಟ ಆದ ಮೇಲೆ, 1914ರಲ್ಲಿ, ಅದು ರದ್ದಾಯಿತು. ನಮ್ಮವನು ಎರಡನೇ ಸಲವೂ ಕರಾರಿಗೆ ಹೆಬ್ಬೆಟ್ಟು ಒತ್ತಿದ್ದಾನೆ. ಅಷ್ಟರಲ್ಲಿ ಹೆಂಡತಿ, ಮಕ್ಕಳು ಆಗಿದ್ದರು. ಇದನ್ನೆಲ್ಲ ಓದಿದ ಮೇಲೆ 'ಮರೆತ' ಅನ್ನುವ ಮಾತು ನಮ್ಮ ಮನೆಯಲ್ಲಿ ನಿಂತಿದೆ.

ಸೈಟಿನ ವಂಶವೃಕ್ಷದ ಬಗ್ಗೆ ಎಚ್ಚರ ಇರಲಿ. ಅಲ್ಲಿ ಇರುವುದು ಇಡೀ ಜಗತ್ತಿಗೆ ಒಂದೇ ಮರ. ತೀರಿಕೊಂಡವರ ವಿವರ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಬದುಕಿರುವವರ ವಿವರ ಹೀಗೆ ಎಲ್ಲರಿಗೂ ಕಾಣುವುದಿಲ್ಲ. ಯಾರೋ ಮರದಲ್ಲಿ ಸೇರಿಸಿದ್ದಾರೆ ಅಂದ ಮಾತ್ರಕ್ಕೆ ಅದು ಸಾಕ್ಷಿಯಲ್ಲ, ಕೆಳಗೆ ದಾಖಲೆ ಜೋಡಿಸಿದ್ದಾರಾ ನೋಡಿ. ಆ ಚರ್ಚಿನವರಿಗೆ ತೀರಿಕೊಂಡ ತಮ್ಮ ಪೂರ್ವಿಕರ ಹೆಸರಿನಲ್ಲಿ ದೀಕ್ಷೆ ಪಡೆಯುವ ಸಂಪ್ರದಾಯವಿದೆ. ಇದನ್ನೂ ತಿಳಿದುಕೊಂಡು, ಮನೆಯ ಹಿರಿಯರನ್ನು ಕೇಳಿಯೇ ಹೆಸರು ಸೇರಿಸಿ. ಮರ ಕಟ್ಟದೆ ಬರೀ ದಾಖಲೆ ನೋಡಲೂ ಅಡ್ಡಿಯಿಲ್ಲ.

ಕೆಲವು ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ. ದಾಖಲೆಯ ಮಾಲೀಕರ ಜೊತೆ ಆದ ಒಪ್ಪಂದದ ಪ್ರಕಾರ ಅವನ್ನು ಫ್ಯಾಮಿಲಿಸರ್ಚ್‌ನ ಕೇಂದ್ರದಲ್ಲೋ, ಅದರೊಂದಿಗೆ ಸೇರಿದ ಗ್ರಂಥಾಲಯದಲ್ಲೋ ನೋಡಬೇಕು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೆ, ಮತ್ತೆ ದಕ್ಷಿಣ ಭಾರತದ ಹಳ್ಳಿಗಳ ದಾಖಲೆ ಹೆಚ್ಚೇನೂ ಇಲ್ಲ ಅನ್ನುವುದಕ್ಕೆ. ಹರಿದ್ವಾರದ ಪಂಡರ ವಹಿಗಳಿವೆ, ಅಂದರೆ ಅಲ್ಲಿನ ಪುರೋಹಿತರು ಯಾತ್ರಿಕರ ವಂಶಾವಳಿ ಬರೆದಿಟ್ಟ ಪುಸ್ತಕಗಳು, ನಮಗೆ ಅದರಿಂದ ಪ್ರಯೋಜನ ಇಲ್ಲ. ದುಡ್ಡು ಕೊಟ್ಟು ಸೇರುವ ಇನ್ನೊಂದು ಸೈಟನ್ನೂ ಬಳಸಿ ನೋಡಿದೆ. ಭಾರತ ಅಂತ ಹುಡುಕಿದರೆ ಬಂದದ್ದು ಬಹುಪಾಲು ಬ್ರಿಟಿಷರ ಚರ್ಚು, ಸೈನ್ಯದ ದಾಖಲೆ. ಆಂಗ್ಲೋ-ಇಂಡಿಯನ್ ಮನೆತನದವರಿಗೆ ಅದು ಚೆನ್ನಾಗಿದೆ. ನಮ್ಮಂಥವರಿಗೆ ಬೇಡ.

ಭಾರತದಲ್ಲಿ ಹುಡುಕಬೇಕಾದದ್ದು ಇಲ್ಲಿಯೇ ಆಗಬೇಕು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಸೈಟು, ಎರಡೂ ಆ ಕಾಲದ ಪರಿಸ್ಥಿತಿ ತಿಳಿಯಲು ಒಳ್ಳೆಯದು. ಆದರೆ ಮುತ್ತಾತನ ಅಪ್ಪನ ಹೆಸರು ನನಗೆ ಖಾತ್ರಿಯಾದದ್ದು ಹೆಳವರಿಂದ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳಿ ಕಾಳು ಪಡೆದು ಹೋಗುವ ಹೆಳವರು. ಹಳ್ಳಿಯಲ್ಲಿ ಉಳಿದಿರುವ ನೆಂಟರ ಮನೆಗೆ ಬಂದಿದ್ದ ಹೆಳವರೊಬ್ಬರು ಪುಸ್ತಕ ಬಿಚ್ಚಿ, ಅಣ್ಣತಮ್ಮ ಇಬ್ಬರ ಹೆಸರನ್ನೂ ಓದಿದರು. ತಮ್ಮನ ಮುಂದೆ ಸಂತಾನ ಬರೆದಿರಲಿಲ್ಲ. ಡರ್ಬನ್‌ನಲ್ಲಿ ಸಿಕ್ಕ ಮಕ್ಕಳ ಹೆಸರುಗಳನ್ನು ನಾನು ಓದಿ ಹೇಳಿದೆ. ಅವರು ಅಲ್ಲೇ ಕೂತು ಬರೆದುಕೊಂಡರು.

ನೆಂಟರ ಹತ್ತಿರ ಮಾತಾಡುವಾಗ ಒಂದು ವಿಷಯ ಮೊದಲೇ ಬಿಡಿಸಿ ಹೇಳಿ. ನಮ್ಮಲ್ಲಿ ವಂಶವೃಕ್ಷ ಅಂದರೆ ನಾಡಕಚೇರಿಯದ್ದು, ಆಸ್ತಿ ಭಾಗಕ್ಕೆ ಬೇಕಾದದ್ದು. ಸುಮ್ನೆ ಯಾರೂ ಕೇಳುವುದಿಲ್ಲ ಅಂತ ಎಲ್ಲರಿಗೂ ಅನುಮಾನ ಬರುತ್ತದೆ. 'ಹೊರದೇಶದವರು ಜಮೀನು ಕೇಳೋಕೆ ಬರ್ತಾರಾ?' ಅಂತ ನಮ್ಮ ಚಿಕ್ಕಪ್ಪನೇ ಕೇಳಿದರು. ಸೈಟಿನ ಮೆಸೇಜ್ ಮೂಲಕ ಸಿಕ್ಕ, ಡರ್ಬನ್‌ನ ಚಾಟ್ಸ್‌ವರ್ತ್‌ನಲ್ಲಿರುವ ಆತನ ಮರಿಮೊಮ್ಮಗಳ ಜೊತೆ ವಿಡಿಯೊ ಕಾಲ್ ಮಾಡಿಸಿದ ಮೇಲೆ ಸಮಾಧಾನ ಆದರು. ಆಕೆ ಕೇಳಿದ್ದು ಜಮೀನನ್ನಲ್ಲ, ಊರಿನ ದೇವರ ಹೆಸರನ್ನು.

ಆತನ ಹೆಂಡತಿಯ ಕಡೆಯವರನ್ನು ಈಗ ಹುಡುಕುತ್ತಿದ್ದೇನೆ. ಪಟ್ಟಿಯಲ್ಲಿ ಉತ್ತರ ಆರ್ಕಾಟ್ ಜಿಲ್ಲೆ, ಗುಡಿಯಾತ್ತಂ ತಾಲ್ಲೂಕು ಅಂತಿದೆ. ಆ ಕಡೆಯ ಹಳ್ಳಿಗಳ ಪರಿಚಯ ಇದ್ದು, ಹಳೇ ತಮಿಳು ಕೈಬರಹ ಓದಲು ಬರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.