ಎರಡು ಸುತ್ತಿನ ನಡುವೆ ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು? ಹನ್ನೊಂದು ವಾರದ ಹೋಲಿಕೆ

“ಎತ್ತುವುದಕ್ಕಿಂತ ಕೂರುವುದೇ ಜಾಸ್ತಿಯಾಯಿತಲ್ಲೇ” ಎಂದು ನಮ್ಮ ಅತ್ತೆ ಹೇಳಿದ್ದು ಐದನೆಯ ವಾರದಲ್ಲಿ. ಆಗ ನಾನು ಪ್ರತಿ ಸುತ್ತಿನ ನಂತರ ಮೂರು ನಿಮಿಷ ಕೂರುವ ಪದ್ಧತಿಯನ್ನು ಪರೀಕ್ಷಿಸುತ್ತಿದ್ದೆ. ಅಡುಗೆಮನೆಯ ಹೊಸ್ತಿಲ ಬಳಿ ಕಾಫಿ ಲೋಟ ಹಿಡಿದು ಕುಳಿತವರಿಗೆ, ನಲವತ್ತು ಸೆಕೆಂಡು ಬಸ್ಕಿ ಹೊಡೆದು ಮೂರು ನಿಮಿಷ ಗೋಡೆ ಗಡಿಯಾರ ನೋಡುವ ಸೊಸೆ ವಿಚಿತ್ರವಾಗಿ ಕಂಡಿದ್ದರೆ ತಪ್ಪೇನಿಲ್ಲ. ನನಗೂ ಹಾಗೆಯೇ ಅನ್ನಿಸುತ್ತಿತ್ತು.

ನನಗೆ 44 ವರ್ಷ. ಲೆಕ್ಕಪತ್ರದ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಮೆಟ್ಟಿಲು ಇಳಿಯುವಾಗ ಮಂಡಿ ನೋಯತೊಡಗಿದಾಗ ವೈದ್ಯರು, ತೊಡೆಯ ಸ್ನಾಯು ಗಟ್ಟಿಯಾಗದೆ ಮಾತ್ರೆಯಿಂದ ಏನೂ ಆಗದು ಎಂದರು. ಒಟ್ಟು 20 ಕಿಲೋ ತೂಗುವ, ತಟ್ಟೆ ಬದಲಿಸಬಹುದಾದ ಒಂದು ಜೊತೆ ಡಂಬೆಲ್ ತಂದೆ. ಜೂನ್ ಮೊದಲ ವಾರ, ಶಿವಮೊಗ್ಗದಲ್ಲಿ ಮಳೆ ಹಿಡಿದಿತ್ತು. ಬೆಳಗಿನ ವಾಕಿಂಗ್ ಹೇಗೂ ನಿಂತಿತ್ತು. ಆರಿಸಿಕೊಂಡ ವ್ಯಾಯಾಮಗಳು ನಾಲ್ಕೇ. ಎದೆಗೆ 10 ಕಿಲೋ ಡಂಬೆಲ್ ಅವಚಿಕೊಂಡು ಬಸ್ಕಿ, ಮಂಚದ ಅಂಚಿಗೆ ಕೈಯೂರಿ ಪುಷ್ ಅಪ್, ಸೊಂಟದಿಂದ ಬಾಗಿ ಎರಡು ಡಂಬೆಲ್ ಎತ್ತುವ ಡೆಡ್‌ಲಿಫ್ಟ್, ಒಂದೊಂದೇ ಕೈಯಲ್ಲಿ ಡಂಬೆಲನ್ನು ಸೊಂಟದತ್ತ ಎಳೆಯುವ ರೋ. ಪ್ರತಿಯೊಂದೂ ಮೂರು ಸುತ್ತು, ವಾರಕ್ಕೆ ಮೂರು ದಿನ.

ಯಾವ ವ್ಯಾಯಾಮ, ಎಷ್ಟು ಸಲ ಎನ್ನುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ಸುತ್ತುಗಳ ನಡುವೆ ಎಷ್ಟು ಹೊತ್ತು ಬಿಡುವು ಎಂದು ಕೇಳಿದರೆ ಮಾತ್ರ ಒಬ್ಬರದು 30 ಸೆಕೆಂಡು, ಇನ್ನೊಬ್ಬರದು 5 ನಿಮಿಷ. ಲೆಕ್ಕ ಬರೆಯುವುದೇ ನನ್ನ ಕಸುಬಾದ್ದರಿಂದ ಒಂದು ನೋಟ್‌ಬುಕ್ ಇಟ್ಟು ಐದು ಬಗೆಗಳನ್ನು ಎರಡೆರಡು ವಾರ ಮಾಡಿ ನೋಡಿದೆ. ಇದರಲ್ಲೊಂದು ದೋಷವಿದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ಹೊಸದಾಗಿ ಶುರು ಮಾಡಿದವರ ಬಲ ವಾರವಾರವೂ ಏರುತ್ತದೆ, ಹಾಗಾಗಿ ಕೊನೆಯಲ್ಲಿ ಬಂದ ಪದ್ಧತಿಗೆ ಪುಕ್ಕಟೆ ಅಂಕ ಸಿಗುತ್ತದೆ. ಅದನ್ನು ಕಳೆಯಲೆಂದೇ ಹನ್ನೊಂದನೆಯ ವಾರದಲ್ಲಿ ಮತ್ತೆ ಮೊದಲನೆಯ ಪದ್ಧತಿಗೆ ಮರಳಿದೆ.

ಮೊದಲನೆಯದು 45 ಸೆಕೆಂಡು. ಕಡಿಮೆ ಬಿಡುವು ಕೊಟ್ಟರೆ ಕೊಬ್ಬು ಕರಗುತ್ತದೆ ಎಂದು ಒಂದು ವಿಡಿಯೋದಲ್ಲಿ ಕೇಳಿದ್ದೆ; ನಂಬಲು ಆಸೆಯಾಗುವ ಮಾತು ಅದು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಬೆವರು ಧಾರಾಕಾರ, ಮುಖ ಕೆಂಪು, ಏನೋ ಸಾಧಿಸಿದ ತೃಪ್ತಿ. ನೋಟ್‌ಬುಕ್ ಬೇರೆಯದೇ ಕಥೆ ಹೇಳುತ್ತಿತ್ತು. ಬಸ್ಕಿ ಮೊದಲ ಸುತ್ತಿನಲ್ಲಿ 12, ಎರಡನೆಯದರಲ್ಲಿ 8, ಮೂರನೆಯದರಲ್ಲಿ 6. ಪುಷ್ ಅಪ್ 8, 5, 3. ತೊಡೆ ಸೋಲುವ ಮೊದಲೇ ಉಸಿರು ಸೋಲುತ್ತಿತ್ತು. ಗಟ್ಟಿಯಾಗಬೇಕಾದದ್ದು ತೊಡೆ, ಆದರೆ ಪರೀಕ್ಷೆ ಬರೆಯುತ್ತಿದ್ದದ್ದು ಶ್ವಾಸಕೋಶ. ಅದಕ್ಕಿಂತ ಕೆಟ್ಟದ್ದು ಡೆಡ್‌ಲಿಫ್ಟಿನಲ್ಲಿ ಆಯಿತು. ಏದುಸಿರಿನಲ್ಲೇ ಮೂರನೆಯ ಸುತ್ತಿಗೆ ಬಾಗಿದವಳ ಬೆನ್ನು ಯಾವಾಗ ಬಿಲ್ಲಾಯಿತೋ ನನಗೇ ತಿಳಿಯಲಿಲ್ಲ. ಎರಡು ದಿನ ಸೊಂಟ ಹಿಡಿದುಕೊಂಡೇ ಓಡಾಡಿದೆ.

ಈ ಅರೆಕ್ಷಣದ ಬಿಡುವಿನ ಮೋಹಕ್ಕೆ ಮೂಲವೊಂದು ‘ತಬಾಟಾ’ ಎಂಬ ಹೆಸರು. 20 ಸೆಕೆಂಡು ದುಡಿತ, 10 ಸೆಕೆಂಡು ಬಿಡುವು. ಆದರೆ ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಆ ಪ್ರಯೋಗ ನಡೆದದ್ದು ವ್ಯಾಯಾಮದ ಸೈಕಲ್ ಮೇಲೆ. ಅವರು ಅಳೆದದ್ದು ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯವನ್ನು ಮತ್ತು ಅದಿಲ್ಲದೆ ಕೆಲಹೊತ್ತು ದುಡಿಯುವ ಸಾಮರ್ಥ್ಯವನ್ನು. ಡಂಬೆಲ್ ಎತ್ತುವವರಿಗೆ ಅದನ್ನು ಅಂಟಿಸಿದ್ದು ಆಮೇಲಿನವರು.

90 ಸೆಕೆಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸ್ಕಿ 12, 10, 9. ಒಟ್ಟು 28 ನಿಮಿಷ. ದೂರುವುದಕ್ಕೂ ಇಲ್ಲ, ಹೊಗಳುವುದಕ್ಕೂ ಇಲ್ಲ. ಯಾವ ತಲೆನೋವೂ ಬೇಡ, ಒಂದೇ ಲೆಕ್ಕ ಹೇಳಿ ಎನ್ನುವವರಿಗೆ ಇದನ್ನೇ ಹೇಳುತ್ತೇನೆ.

ಮೂರು ನಿಮಿಷದ ಬಿಡುವಿನಲ್ಲಿ ಬಸ್ಕಿ 12, 12, 11ಕ್ಕೆ ಏರಿತು. ಪುಷ್ ಅಪ್ 8, 7, 7. ಅದೇ ಡಂಬೆಲ್, ಅದೇ ಮಂಚ. ಇದರ ಕಾರಣ ಸ್ನಾಯುವಿನೊಳಗೇ ಇದೆ. ಕೆಲವೇ ಸೆಕೆಂಡುಗಳ ಜೋರು ದುಡಿತಕ್ಕೆ ಸ್ನಾಯು ಮೊದಲು ಬಳಸುವುದು ಕ್ರಿಯಾಟಿನ್ ಫಾಸ್ಫೇಟ್ ಎಂಬ ಕೈಗಂಟನ್ನು. ಖರ್ಚಾದದ್ದರಲ್ಲಿ ಸುಮಾರು ಅರ್ಧ ಮೊದಲ ಅರ್ಧ ನಿಮಿಷ, ಒಂದು ನಿಮಿಷದೊಳಗೇ ವಾಪಸು ಬರುತ್ತದೆ, ಉಳಿದದ್ದು ನಿಧಾನ. ಬಹುಪಾಲು ತುಂಬಲು ಮೂರರಿಂದ ಐದು ನಿಮಿಷ ಬೇಕು. 45 ಸೆಕೆಂಡಿಗೇ ಮತ್ತೆ ಎತ್ತಲು ಹೋಗುವುದೆಂದರೆ ಸಂಬಳ ಅರ್ಧ ಜಮೆಯಾಗಿರುವಾಗಲೇ ಪೂರ್ತಿ ಮೊತ್ತದ ಚೆಕ್ ಬರೆದಂತೆ. ಅಮೆರಿಕದ ಬ್ರಾಡ್ ಶೋನ್‌ಫೆಲ್ಡ್ ಮತ್ತವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ಯುವಕರಲ್ಲಿ ಕೆಲವರು ಒಂದು ನಿಮಿಷ, ಕೆಲವರು ಮೂರು ನಿಮಿಷ ಬಿಡುವು ತೆಗೆದುಕೊಂಡು ಎಂಟು ವಾರ ಭಾರ ಎತ್ತಿದರು. ಮೂರು ನಿಮಿಷದವರ ಬಲ ಹೆಚ್ಚು ಏರಿತು, ತೊಡೆಯ ಸ್ನಾಯುವೂ ಹೆಚ್ಚು ಬೆಳೆಯಿತು. ಅವರೆಲ್ಲ ಮೊದಲೇ ಪಳಗಿದ ಹುಡುಗರು, ನಾನು ಮಂಡಿನೋವಿನ ಗೃಹಸ್ಥೆ. ಆದರೂ ನನ್ನ ನೋಟ್‌ಬುಕ್ ತೋರಿಸಿದ ದಿಕ್ಕು ಅದೇ ಆಗಿತ್ತು.

ತೊಂದರೆ ಇದ್ದದ್ದು ಮನೆಯಲ್ಲಿ. ಜಿಮ್ಮಿನಲ್ಲಿ ಮೂರು ನಿಮಿಷವೆಂದರೆ ಮೂರು ನಿಮಿಷ, ಮನೆಯಲ್ಲಿ ಅದೊಂದು ಬಾಗಿಲು. ಆ ಬಾಗಿಲಿನಿಂದ ಹಾಲಿನವನು ಬರುತ್ತಾನೆ, ಮಗಳ ಕಾಣೆಯಾದ ಸಾಕ್ಸ್ ಬರುತ್ತದೆ, ಕುಕ್ಕರ್ ಕೂಗುತ್ತದೆ. “ಹೇಗೂ ಸುಮ್ಮನೆ ಕೂತಿದ್ದೀಯಲ್ಲ” ಎಂಬ ವಾಕ್ಯವನ್ನು ಆ ಎರಡು ವಾರದಲ್ಲಿ ಕೇಳಿದಷ್ಟು ಬೇರೆ ಯಾವಾಗಲೂ ಕೇಳಿಲ್ಲ. ಒಮ್ಮೆ ಮೊಬೈಲ್‌ನಲ್ಲಿ ಬಂದ ಒಂದೇ ಸಂದೇಶಕ್ಕೆ ಉತ್ತರಿಸಿ ತಲೆಯೆತ್ತಿದಾಗ ಒಂಬತ್ತು ನಿಮಿಷವಾಗಿತ್ತು, ಮೈ ತಣ್ಣಗಾಗಿತ್ತು, ಒಲೆಯ ಮೇಲೆ ಹಾಲು ಉಕ್ಕಿತ್ತು. ಲೆಕ್ಕದ ಪ್ರಕಾರ 45 ನಿಮಿಷಕ್ಕೆ ಮುಗಿಯಬೇಕಾದದ್ದು ಒಂದು ದಿನವೂ 55ಕ್ಕಿಂತ ಮುಂಚೆ ಮುಗಿಯಲಿಲ್ಲ. ಆರು ದಿನಗಳಲ್ಲಿ ಎರಡು ದಿನ ಕೊನೆಯ ವ್ಯಾಯಾಮವನ್ನು ಬಿಟ್ಟೇ ಆಫೀಸಿಗೆ ಓಡಿದೆ. ಬಿಟ್ಟ ವ್ಯಾಯಾಮಕ್ಕೆ ಎಷ್ಟು ಬಿಡುವು ಕೊಟ್ಟರೇನು!

ಗಡಿಯಾರದ ಸಹವಾಸವೇ ಬೇಡವೆಂದು ನಾಲ್ಕನೆಯದಾಗಿ ಉಸಿರನ್ನು ನಂಬಿದೆ. ಏದುಸಿರು ಇಳಿದು, ಬಾಯಿ ಮುಚ್ಚಿ ಮೂಗಿನಿಂದಲೇ ಉಸಿರಾಡುವಂತಾದ ಮೇಲೆ ಹದಿನೈದು ನಿಧಾನ ಉಸಿರು ಎಣಿಸಿ ಮುಂದಿನ ಸುತ್ತು. ಈ ಪದ್ಧತಿಗೆ ದಿನದ ಹದ ಗೊತ್ತಿದೆ. ರಾತ್ರಿ ನಿದ್ದೆಗೆಟ್ಟ ಮರುದಿನ ಅದಾಗಿಯೇ ಬಿಡುವು ಉದ್ದವಾಗುತ್ತಿತ್ತು. ಬಸ್ಕಿ 12, 11, 10 ಬಂತು. ಆದರೆ ಪುಷ್ ಅಪ್ಪಿನಲ್ಲಿ ಇದು ಮೋಸ ಮಾಡಿತು. ಮಂಚಕ್ಕೆ ಕೈಯೂರಿ ಎಂಟು ಸಲ ಒತ್ತಿದರೆ ನನಗೆ ಅಷ್ಟೇನೂ ಏದುಸಿರು ಬರುವುದಿಲ್ಲ. ಉಸಿರು ಬೇಗನೆ ‘ತಯಾರು’ ಎನ್ನುತ್ತಿತ್ತು, ಹೋಗಿ ಕೈಯೂರಿದರೆ ತೋಳು ನಡುಗುತ್ತಿತ್ತು. ದೊಡ್ಡ ಸ್ನಾಯುಗಳ ಕೆಲಸದಲ್ಲಿ ಉಸಿರು ಒಳ್ಳೆಯ ಸಾಕ್ಷಿ, ತೋಳಿನ ಕೆಲಸದಲ್ಲಿ ಅದರ ಸಾಕ್ಷ್ಯ ನಡೆಯದು. ಜೊತೆಗೆ ನನ್ನಂಥ ಅವಸರದವಳು ಹದಿನೈದನ್ನು ಎಷ್ಟು ನಿಧಾನವಾಗಿ ಎಣಿಸಿಯಾಳು?

ನಡುವೆ ಇನ್ನೊಂದು ಮಾತು, ಬಿಡುವಿನಲ್ಲಿ ಏನು ಮಾಡಬೇಕು ಎನ್ನುವುದರ ಬಗ್ಗೆ. ಕೂತು ನೋಡಿದೆ, ಓಡಾಡಿ ನೋಡಿದೆ, ಮಲಗಿಯೂ ನೋಡಿದೆ. ಬಸ್ಕಿಯ ನಂತರ ನೆಲದ ಮೇಲೆ ಅಂಗಾತ ಮಲಗುವುದು ಸ್ವರ್ಗ. ಅಲ್ಲಿಂದ ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬಂದದ್ದರಿಂದ ಆ ಸ್ವರ್ಗವನ್ನು ಬಿಟ್ಟೆ. ಈಗ ಹಾಲ್‌ನಿಂದ ತುಳಸಿಕಟ್ಟೆಯ ಬಾಗಿಲವರೆಗೆ ನಿಧಾನವಾಗಿ ನಡೆಯುತ್ತೇನೆ. ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ.

ಐದನೆಯ ಪದ್ಧತಿ ಹೊಳೆದದ್ದು ಅತ್ತೆಯಿಂದ. ಅವರು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಬೆಳೆದವರು, ಹರೆಯದಲ್ಲಿ ಭತ್ತ ಕುಟ್ಟಿದವರು. “ನಿಮಗೆ ಕೈ ಸೋಲುತ್ತಿರಲಿಲ್ಲವೇ ಅತ್ತೆ, ಕೂರುತ್ತಿರಲಿಲ್ಲವೇ?” ಎಂದು ಕೇಳಿದೆ. “ಕೂತರೆ ಬೈಯುತ್ತಿದ್ದರು” ಎಂದರು. “ಕೈ ಸೋತರೆ ಒನಕೆ ಇನ್ನೊಬ್ಬಳಿಗೆ ಕೊಟ್ಟು ಮೊರ ಹಿಡಿದು ಕೇರುತ್ತಿದ್ದೆವು. ಕೇರಿ ಸಾಕಾದರೆ ಮತ್ತೆ ಒನಕೆ.”

ವ್ಯಾಯಾಮದವರು ಇದನ್ನು ಜೋಡಿ ಸುತ್ತು ಎನ್ನುತ್ತಾರೆ. ಬಸ್ಕಿ ಒಂದು ಸುತ್ತು, ಒಂದು ನಿಮಿಷ ಬಿಡುವು, ರೋ ಒಂದು ಸುತ್ತು, ಒಂದು ನಿಮಿಷ ಬಿಡುವು, ಮತ್ತೆ ಬಸ್ಕಿ. ಲೆಕ್ಕ ಹಾಕಿ: ನನಗೆ ಸಿಗುವುದು ಒಂದೊಂದೇ ನಿಮಿಷ, ಆದರೆ ತೊಡೆಗೆ ಸಿಗುವುದು ಒಂದು ನಿಮಿಷ, ರೋ ಮಾಡುವ ಮುಕ್ಕಾಲು ನಿಮಿಷ, ಮೇಲೊಂದು ನಿಮಿಷ. ಹತ್ತಿರಹತ್ತಿರ ಮೂರು ನಿಮಿಷ! ಎಲ್ಲ ಸೇರಿ 23 ನಿಮಿಷಕ್ಕೆ ಮುಗಿಯಿತು, ಬಸ್ಕಿ 12, 12, 12 ಬಂತು. ಆ ಒಂದು ನಿಮಿಷದಲ್ಲಿ ಯಾರೂ ಕರೆಯಲಿಲ್ಲ, ಏಕೆಂದರೆ ನಾನು ಸುಮ್ಮನೆ ಕೂತಂತೆ ಕಾಣುತ್ತಿರಲಿಲ್ಲ.

ಜೋಡಿ ಹೊಂದಿಸುವುದರಲ್ಲಿ ಮೊದಲ ದಿನ ಎಡವಿದೆ. ಡೆಡ್‌ಲಿಫ್ಟಿಗೆ ರೋ ಜೋಡಿಸಿದೆ. ಎರಡರಲ್ಲೂ ಡಂಬೆಲ್ ಬಿಗಿಹಿಡಿಯಬೇಕು, ಎರಡರಲ್ಲೂ ಬೆನ್ನು ದುಡಿಯುತ್ತದೆ. ಎರಡನೆಯ ಸುತ್ತಿಗೇ ಬೆರಳು ಸೋತು ಹಿಡಿ ಸಡಿಲವಾಯಿತು. ಕೆಳಗೆ ಮನೆಯ ಮಾಲೀಕರು ಮಲಗಿರುವ ಹೊತ್ತಿನಲ್ಲಿ 10 ಕಿಲೋ ಜಾರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮರುದಿನದಿಂದ ಬಸ್ಕಿಗೆ ರೋ, ಡೆಡ್‌ಲಿಫ್ಟಿಗೆ ಪುಷ್ ಅಪ್.

ಹನ್ನೊಂದನೆಯ ವಾರ ಮತ್ತೆ 45 ಸೆಕೆಂಡಿಗೆ ಮರಳಿದಾಗ ಬಸ್ಕಿ 12, 10, 7. ಮೊದಲ ವಾರಗಳ 26 ಈಗ 29 ಆಗಿತ್ತು, ಅಷ್ಟರಮಟ್ಟಿಗೆ ನನ್ನ ಬಲ ಏರಿತ್ತು. ಉಳಿದ ವ್ಯತ್ಯಾಸವೆಲ್ಲ ಬಿಡುವಿನದು. ರೋ ಮಾತ್ರ ಎಲ್ಲ ಪದ್ಧತಿಯಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು, 10, 10, 9. ಬಲಗೈ ಎಳೆಯುವಾಗ ಎಡಗೈ ಹೇಗೂ ಸುಧಾರಿಸಿಕೊಳ್ಳುತ್ತಿರುತ್ತದಲ್ಲ. ಅಮೆರಿಕದ ಕ್ರೀಡಾವೈದ್ಯಕೀಯ ಕಾಲೇಜು, ಅಂದರೆ ಎಸಿಎಸ್‌ಎಂ, 2009ರಲ್ಲಿ ಕೊಟ್ಟ ಸಲಹೆಯೂ ಎಲ್ಲಕ್ಕೂ ಒಂದೇ ಬಿಡುವು ಎನ್ನುವುದಿಲ್ಲ. ಹಲವು ಕೀಲುಗಳು ದುಡಿಯುವ ಭಾರದ ವ್ಯಾಯಾಮಗಳಿಗೆ 2ರಿಂದ 3 ನಿಮಿಷ, ಪೂರಕ ವ್ಯಾಯಾಮಗಳಿಗೆ 1ರಿಂದ 2 ನಿಮಿಷ ಎನ್ನುತ್ತದೆ.

ಜೋಡಿ ಪದ್ಧತಿಯೇ ಗೆದ್ದಿತು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಳೆದ ವಾರ ಬಸ್ಕಿಯ ಡಂಬೆಲನ್ನು 12.5 ಕಿಲೋಗೆ ಏರಿಸಿದೆ. ರೋ ಮುಗಿಸಿ ಬಂದಾಗ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು, ಮೂರನೆಯ ಸುತ್ತು ಎಂಟಕ್ಕೇ ನಿಂತಿತು. ಹಾಗಾಗಿ ಈಗ ಬಸ್ಕಿಯನ್ನು ಜೋಡಿಯಿಂದ ಬಿಡಿಸಿ, ಮೊದಲಿಗೇ, ಮನೆಯವರು ಏಳುವ ಮುಂಚೆ, ಎರಡೂವರೆ ನಿಮಿಷದ ಬಿಡುವಿನೊಂದಿಗೆ ಮುಗಿಸುತ್ತೇನೆ. ರೋ ಕೊನೆಗೆ, ಒಂದೊಂದೇ ನಿಮಿಷದ ಬಿಡುವಿನಲ್ಲಿ. ಡೆಡ್‌ಲಿಫ್ಟ್, ಪುಷ್ ಅಪ್ ಜೋಡಿಯಾಗಿಯೇ ಉಳಿದಿವೆ. ಒಟ್ಟು 27 ನಿಮಿಷ. ಆ ಎರಡೂವರೆ ನಿಮಿಷಗಳಿಗೂ ಅತ್ತೆ ಒಂದು ಕೆಲಸ ಹುಡುಕಿದ್ದಾರೆ: ತುಳಸಿಕಟ್ಟೆಯವರೆಗೆ ಹೇಗೂ ನಡೆಯುತ್ತೀಯಲ್ಲ, ಬರುವಾಗ ನಾಲ್ಕು ಹೂ ಕೊಯ್ದು ತಾ ಎನ್ನುತ್ತಾರೆ. ಮೂರು ಸುತ್ತಿನ ನಡುವೆ ಎರಡು ಬಿಡುವು, ದೇವರಿಗೆ ಎಂಟು ಹೂ.