ಸ್ಟೋನಿಥ್ ಆಫ್ ಮಾಡಿ ಕ್ಲಸ್ಟರ್ ಕಟ್ಟಬೇಡಿ

ಎರಡು ಸರ್ವರ್ ಇಟ್ಟು, ಪೇಸ್‌ಮೇಕರ್ (ಯಾವ ಸರ್ವರ್‌ನಲ್ಲಿ ಏನು ಓಡಬೇಕು ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್) ಮತ್ತು ಡಿಆರ್‌ಬಿಡಿ (ಒಂದರ ಡಿಸ್ಕನ್ನು ಇನ್ನೊಂದಕ್ಕೆ ಸದಾ ನಕಲು ಮಾಡುವುದು) ಹಾಕಿ, ಕಂಟೇನರ್‌ಗಳಿಗೆ ಫೇಲ್‌ಓವರ್ (ಒಂದು ಕೆಟ್ಟರೆ ಇನ್ನೊಂದು ಕೆಲಸ ಎತ್ತಿಕೊಳ್ಳುವುದು) ಮಾಡೋಣ ಅಂತ ಕೂತಿದ್ದೀರಾ? ಮೊದಲು ಇದನ್ನು ಓದಿ. ಸ್ಟೋನಿಥ್ ಅಂದರೆ ಉತ್ತರ ಕೊಡದ ಸರ್ವರ್ ಅನ್ನು ಇನ್ನೊಂದು ಬಲವಂತವಾಗಿ ಆಫ್ ಮಾಡಿಸುವ ವ್ಯವಸ್ಥೆ. ಅದನ್ನು ಆಫ್ ಮಾಡಿದ ನನ್ನ ಒಂದು ಸಾಲಿನ ಕಮಾಂಡ್‌ನಿಂದ ಒಂದು ಸಗಟು ಅಂಗಡಿಯ ಬಿಲ್ಲಿಂಗ್ ಎರಡು ಹೋಳಾಯಿತು.

ಎರಡು ಸರ್ವರ್‌ಗಳ ನಡುವೆ ನೇರವಾಗಿ ಒಂದು ಕೇಬಲ್ ಎಳೆದಿದ್ದೆ. ಪಕ್ಕದವನು ಬದುಕಿದ್ದಾನಾ ಅಂತ ಕೇಳಿಕೊಳ್ಳುವ ಕೋರೋಸಿಂಕ್ ಮಾತುಕತೆ ಅದರಲ್ಲೇ, ಡಿಆರ್‌ಬಿಡಿಯ ಡಿಸ್ಕ್ ನಕಲೂ ಅದರಲ್ಲೇ. ಅಂಗಡಿಯ ಕಂಪ್ಯೂಟರ್‌ಗಳು ಬೇರೆ ಸ್ವಿಚ್ ಮೂಲಕ ಒಂದು ವರ್ಚುವಲ್ ಐಪಿಗೆ (ಕೆಲಸದಲ್ಲಿರುವ ಸರ್ವರ್ ಹಾಕಿಕೊಳ್ಳುವ ವಿಳಾಸ) ಬರುತ್ತಿದ್ದವು. ಡಾಕರ್ ಕಂಟೇನರ್‌ಗಳಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, ಬಿಲ್ಲಿಂಗ್ ಆ್ಯಪ್. ಅಷ್ಟೇ.

ಪೇಸ್‌ಮೇಕರ್ ಮೊದಲಿಗೆ ಏನನ್ನೂ ಸ್ಟಾರ್ಟ್ ಮಾಡಲಿಲ್ಲ. ಸ್ಟೋನಿಥ್ ಡಿವೈಸ್ ಇಲ್ಲ ಅಂತ ಲಾಗ್‌ನಲ್ಲಿ ಗೊಣಗುತ್ತಿತ್ತು. ಹುಡುಕಿದಲ್ಲೆಲ್ಲ ಒಂದೇ ಮದ್ದು: ಸ್ಟೋನಿಥ್-ಎನೇಬಲ್ಡ್ ಅನ್ನು ಫಾಲ್ಸ್ ಮಾಡಿ. ಮಾಡಿದೆ. ಎಲ್ಲ ಹಸಿರಾಯಿತು. ಆ ಹೆಸರಿನ ಅರ್ಥ ‘ಪಕ್ಕದ ನೋಡ್‌ನ (ಕ್ಲಸ್ಟರ್‌ನ ಇನ್ನೊಂದು ಸರ್ವರ್‌ನ) ತಲೆಗೆ ಗುಂಡು ಹೊಡಿ’ ಅಂತ. ಆಗ ಓದಿ ನಕ್ಕಿದ್ದೆ.

ಟೆಸ್ಟ್ ಅಂತ ಮಾಡಿದ್ದು ಒಂದು ರೀಬೂಟ್ ಮಾತ್ರ. ರೀಬೂಟ್ ಆಗುವ ನೋಡ್ ಹೇಳಿ ಹೋಗುತ್ತದೆ, ಕೈಲಿದ್ದದ್ದನ್ನೆಲ್ಲ ಕೆಳಗಿಟ್ಟು. ಇನ್ನೊಂದು ಆರಾಮಾಗಿ ಎತ್ತಿಕೊಂಡಿತು. ಮಾಲೀಕರೂ ಖುಷಿ.

ಐದು ತಿಂಗಳ ನಂತರ ಯಾರೋ ರ‍್ಯಾಕ್ ಹಿಂದೆ ಕಸ ಗುಡಿಸಿದರು. ಕೇಬಲ್ಲಿನ ಪ್ಲಾಸ್ಟಿಕ್ ಕ್ಲಿಪ್ ಮುರಿದು ಪಿನ್ ಸಡಿಲವಾಯಿತು. ಎರಡೂ ಸರ್ವರ್ ಜೀವಂತ, ಆದರೆ ಪಕ್ಕದವನು ಸತ್ತ ಅಂತ ಎರಡಕ್ಕೂ ಅನಿಸಿತು. ಟೂ-ನೋಡ್ ಸೆಟ್ಟಿಂಗ್ 1 ಇದ್ದದ್ದರಿಂದ ಕೆಲಸ ನಡೆಸಲು ಒಬ್ಬೊಬ್ಬರ ಓಟೇ ಬಹುಮತ. ಎರಡನೆಯದು ಡಿಆರ್‌ಬಿಡಿಯನ್ನು ಪ್ರೈಮರಿ (ಬರೆಯಬಲ್ಲ ಪ್ರತಿ) ಮಾಡಿಕೊಂಡು, ಪೋಸ್ಟ್‌ಗ್ರೆಸ್ ಎಬ್ಬಿಸಿ, ಅದೇ ಐಪಿಯನ್ನು ತಾನೂ ಹಾಕಿಕೊಂಡಿತು. ಮೊದಲನೆಯದು ಬಿಟ್ಟುಕೊಟ್ಟಿರಲಿಲ್ಲ. ‘ಈ ಐಪಿ ಯಾರದ್ದು?’ ಅಂತ ಕೇಳುವ ಎಆರ್‌ಪಿಗೆ ಯಾರ ಉತ್ತರ ಸಿಕ್ಕಿತೋ ಆ ಸರ್ವರ್‌ಗೆ ಬಿಲ್ ಹೋಯಿತು.

ಯಾವ ಅಲಾರ್ಮೂ ಬರಲಿಲ್ಲ. ಸಂಜೆ ಕ್ಯಾಷಿಯರ್ ಫೋನ್ ಮಾಡಿ, “ಸರ್, 48213 ಎರಡು ಸಲ ಇದೆ” ಅಂದರು. ಒಂದು ಅಕ್ಕಿ ಮೂಟೆಯ ಬಿಲ್, ಇನ್ನೊಂದು ಅಡುಗೆ ಎಣ್ಣೆಯದ್ದು. ಕೇಬಲ್ ಒತ್ತಿ ಕೂರಿಸಿದ ಮೇಲೆ ಡಿಆರ್‌ಬಿಡಿ ಸ್ಪ್ಲಿಟ್-ಬ್ರೇನ್ (ಎರಡು ಡಿಸ್ಕಿನ ಡೇಟಾ ಬೇರೆ ಬೇರೆಯಾಗಿದೆ) ಅಂತ ಲಾಗ್ ಬರೆದು, ಸ್ಟ್ಯಾಂಡ್‌ಅಲೋನ್ ಆಗಿ, ನಕಲು ನಿಲ್ಲಿಸಿ ಕೂತಿತು. ಅಲ್ಲಿಂದ ಮುಂದೆ ಒಂದೇ ದಾರಿ. ಒಂದು ಸರ್ವರ್‌ನ ಡೇಟಾ ಬಲಿ ಕೊಡಬೇಕು. ಕಮಾಂಡ್‌ನ ಹೆಸರೇ ಡಿಸ್ಕಾರ್ಡ್-ಮೈ-ಡೇಟಾ. ಪುಣ್ಯಕ್ಕೆ ಅದನ್ನು ಒತ್ತುವ ಮೊದಲು ಡಂಪ್ (ಡೇಟಾಬೇಸ್‌ನ ನಕಲು) ತೆಗೆದಿದ್ದೆ. ಆ ಡಂಪ್ ನೋಡಿಕೊಂಡು ಇಬ್ಬರು ಎರಡು ದಿನ ಕೂತು ಬಿಲ್‌ಗಳನ್ನು ಕೈಯಲ್ಲಿ ಮತ್ತೆ ಹಾಕಿದರು.

ಅದೇ ರಾತ್ರಿ ಇನ್ನೊಂದು ಕಂಟಕ. ಎರಡನೇ ಸರ್ವರ್ ರೀಬೂಟ್ ಮಾಡಿ ಡೇಟಾಬೇಸ್ ತೆಗೆದರೆ ಒಂದೂ ಟೇಬಲ್ ಇಲ್ಲ. ಎದೆ ಧಸಕ್ ಅಂತು. ಆಗಿದ್ದಿಷ್ಟು: ಕಂಟೇನರ್‌ಗೆ ರೀಸ್ಟಾರ್ಟ್ ಆಲ್ವೇಸ್ ಕೊಟ್ಟಿದ್ದೆ. ಪೇಸ್‌ಮೇಕರ್ ಹೇಳುವ ಮೊದಲೇ ಡಾಕರ್ ತಾನಾಗಿ ಎಬ್ಬಿಸಿತು. ಡಿಆರ್‌ಬಿಡಿ ಇನ್ನೂ ಮೌಂಟ್ ಆಗಿರಲಿಲ್ಲ, ಫೋಲ್ಡರ್ ಖಾಲಿ. ಖಾಲಿ ಕಂಡ ಪೋಸ್ಟ್‌ಗ್ರೆಸ್ ಇಮೇಜ್ ಹೊಸ ಡೇಟಾಬೇಸ್ ಕಟ್ಟಿಬಿಟ್ಟಿತು. ಕ್ಲಸ್ಟರ್ ನೋಡಿಕೊಳ್ಳುವ ಕಂಟೇನರ್‌ಗೆ ರೀಸ್ಟಾರ್ಟ್ ಪಾಲಿಸಿ ‘ನೋ’ ಇರಲೇಬೇಕು, ದಯವಿಟ್ಟು.

ಈಗ ಸ್ಟೋನಿಥ್ ಆನ್ ಇದೆ. ಬೇಕಾದ ಐಪಿಎಂಐ (ಸರ್ವರ್ ಅನ್ನು ದೂರದಿಂದ ಆಫ್ ಮಾಡುವ ಸೌಲಭ್ಯ) ಎರಡೂ ಸರ್ವರ್‌ಗಳ ಒಳಗೇ ಇತ್ತು, ನಾನು ಸುಮ್ನೆ ಸೋಮಾರಿತನ ಮಾಡಿದ್ದೆ. ಇಬ್ಬರೂ ಒಟ್ಟಿಗೆ ಗುಂಡು ಹೊಡೆದುಕೊಳ್ಳಬಾರದು ಅಂತ ಒಂದಕ್ಕೆ ಡಿಲೇ ಕೊಟ್ಟೆ. ಡಿಆರ್‌ಬಿಡಿಗೂ ಫೆನ್ಸಿಂಗ್ (ಉತ್ತರ ಕೊಡದ ನೋಡ್ ಅನ್ನು ಹೊರಗಿಡುವುದು) ಹೇಳಿಕೊಟ್ಟೆ. ಕೋರೋಸಿಂಕ್‌ಗೆ ಸ್ವಿಚ್ ಮೂಲಕ ಎರಡನೇ ಲಿಂಕ್ ಆಯಿತು. ಮೂರನೇ ಓಟಿಗೆ ಒಂದು ಪುಟ್ಟ ಹಳೇ ಪಿಸಿಯಲ್ಲಿ ಕ್ಯೂನೆಟ್‌ಡಿ ಕೂರಿಸಿ, ಅದರ ಜೊತೆ ಮಾತಾಡಲು ಎರಡೂ ಸರ್ವರ್‌ಗಳಲ್ಲಿ ಕ್ಯೂಡಿವೈಸ್ ಹಾಕಿ, ಟೂ-ನೋಡ್ ಸೆಟ್ಟಿಂಗ್ ತೆಗೆದೆ.

ಈ ಸಲ ಟೆಸ್ಟ್ ಮಾಡಿದ್ದು ಮಾಲೀಕರ ಎದುರಿಗೇ, ಅಂಗಡಿ ಬಾಗಿಲು ಹಾಕಿದ ಮೇಲೆ. ಎರಡೂ ಲಿಂಕ್ ಕಿತ್ತೆ. ಒಂದು ಸರ್ವರ್ ಫ್ಯಾನ್ ಸದ್ದು ಇಳಿಸುತ್ತಾ ಆಫ್ ಆಯಿತು, ಇನ್ನೊಂದು ಬಿಲ್ ಕೊಟ್ಟಿತು. ಆಮೇಲೆ ಒಂದರ ಪವರ್ ಪ್ಲಗ್ಗನ್ನೇ ಕಿತ್ತೆ. ಇಡೀ ಕ್ಲಸ್ಟರ್ ನಿಂತುಬಿಟ್ಟಿತು! ಐಪಿಎಂಐಗೂ ಅದೇ ಪ್ಲಗ್ಗಿನ ಕರೆಂಟು, ಅದು ಉತ್ತರ ಕೊಡಲಿಲ್ಲ. ಸತ್ತಿದೆ ಅಂತ ಖಾತ್ರಿ ಸಿಗದೆ ಇನ್ನೊಂದು ನೋಡ್ ಕಾಯುತ್ತಲೇ ಇತ್ತು. ರಿಮೋಟ್‌ನಲ್ಲಿ ಆಫ್ ಮಾಡಬಹುದಾದ ಪಿಡಿಯು (ಹಲವು ಪ್ಲಗ್‌ಗಳ ಪವರ್ ಪಟ್ಟಿ) ಒಂದನ್ನು ಎರಡನೇ ಹಂತದ ಫೆನ್ಸಿಂಗ್‌ಗೆ ಆರ್ಡರ್ ಮಾಡಿದ್ದೇನೆ. ಅದು ಬರುವವರೆಗೆ ಆ ಪ್ಲಗ್ ಮೇಲೆ ‘ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿದೆ.