ಕೋಲಾರದ ಗಡಸು ನೀರು, ಪಿಎಚ್ ಪೆನ್ನು, ತೇವಾಂಶ ಮಾಪಕ: ಎರಡು ಬೇಸಿಗೆ ಬಳಸಿದ ಮೇಲೆ

ಮನೆಯೊಳಗೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಹೈಡ್ರೋಪೋನಿಕ್ಸ್ ಕಿಟ್ಟಿನ ಜೊತೆ ನಮಗೆ ಎರಡು ಸಣ್ಣ ಉಪಕರಣಗಳು ಬಂದವು. ಒಂದು ಪೆನ್ನಿನಂತಿರುವ ಪಿಎಚ್ ಮಾಪಕ (ಪಿಎಚ್ ಎಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ), ಇನ್ನೊಂದು ಗೋಡೆಗೆ ತೂಗುಹಾಕುವ ಡಿಜಿಟಲ್ ತೇವಾಂಶ ಮಾಪಕ. ಪೈಪು, ಪಂಪು, ಎಲ್‌ಇಡಿ ದೀಪಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವು ಚೆನ್ನಾಗಿಯೇ ನಡೆಯುತ್ತಿವೆ. ಕರೆಂಟು ಹೋದಾಗ ಪಂಪಿಗೆ ಇನ್ವರ್ಟರ್ ಆಸರೆ ಇರಬೇಕು, ಅಷ್ಟೇ. ಆದರೆ ಲೆಟ್ಯೂಸ್, ಪಾಲಕ್, ತುಳಸಿ ಜಾತಿಯ ಬೇಸಿಲ್ ನಮ್ಮ ಹಿಂದಿನ ಕೋಣೆಯಲ್ಲಿ ಇಂದಿಗೂ ಹಸಿರಾಗಿರುವುದು ಈ ಎರಡು ಉಪಕರಣಗಳಿಂದ. ಹಾಗಾಗಿ ಇದು ಅವುಗಳ ವಿಮರ್ಶೆ.

ಮೊದಲು ನೀರಿನ ಮಾತು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಕೊಳವೆಬಾವಿಯೇ ಗತಿ. ಆಳದಿಂದ ಬರುವ ಆ ನೀರು ಗಡಸು. ಡ್ರಿಪ್ ಪೈಪುಗಳಲ್ಲಿ ಸುಣ್ಣ ಕಟ್ಟಿಕೊಂಡು ತೂತುಗಳು ಮುಚ್ಚಿಹೋಗುವುದು ಇಲ್ಲಿನ ಟೊಮೆಟೊ ಬೆಳೆಗಾರರಿಗೆಲ್ಲ ಗೊತ್ತು. ಅದೇ ನೀರು ಹೈಡ್ರೋಪೋನಿಕ್ಸ್ ತೊಟ್ಟಿಗೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಕಿಟ್ಟಿನ ಕೈಪಿಡಿ ಹೇಳುವುದಿಲ್ಲ. 'ಪಿಎಚ್ 6ಕ್ಕೆ ಇಳಿಸಿ, ವಾರಕ್ಕೊಮ್ಮೆ ನೋಡಿ' ಎಂದಷ್ಟೇ ಬರೆದಿದ್ದಾರೆ. ಆ ಸಲಹೆ ನಮ್ಮ ನೀರಿಗೆ ಒಗ್ಗುವುದಿಲ್ಲ.

ನಮ್ಮ ನೀರಿನ ಪಿಎಚ್ 7.8ರ ಆಸುಪಾಸಿನಲ್ಲಿದೆ. ಸೊಪ್ಪಿಗೆ ಬೇಕಾದದ್ದು 5.5ರಿಂದ 6.5. ಸಂಜೆ ಆಸಿಡ್ ಹಾಕಿ 6ಕ್ಕೆ ತಂದರೆ ಬೆಳಿಗ್ಗೆ ಪೆನ್ನು 6.8 ತೋರಿಸುತ್ತದೆ. ಪೆನ್ನು ಕೆಟ್ಟಿದೆ ಎಂದು ಹಲವರು ಅಂಗಡಿಗೆ ಹಿಂದಿರುಗಿಸುವುದು ಇಂಥ ಹೊತ್ತಿನಲ್ಲೇ. ಪೆನ್ನು ಸರಿಯಾಗಿಯೇ ಇದೆ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಆಸಿಡ್ಡನ್ನು ಹೀರಿಕೊಂಡು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನೀರು ಸುತ್ತುತ್ತಿದ್ದಂತೆ ಆ ಅನಿಲ ನಿಧಾನವಾಗಿ ಗಾಳಿಗೆ ಹೊರಟುಹೋಗಿ ಪಿಎಚ್ ಮತ್ತೆ ಏರುತ್ತದೆ. ಇದರ ಮೇಲೆ ಗಿಡಗಳು ನೈಟ್ರೇಟ್ ಹೀರುವಾಗಲೂ ಪಿಎಚ್ ಮೇಲಕ್ಕೇ ಹೋಗುತ್ತದೆ. ಆದ್ದರಿಂದ ಪಿಎಚ್ ಅಂಕಿಯೊಂದನ್ನೇ ನೋಡಿದರೆ ಸಾಲದು, ನೀರಿನ ಕ್ಷಾರೀಯತೆಯೂ, ಅಂದರೆ ಅದು ಎಷ್ಟು ಆಸಿಡ್ಡನ್ನು ಹೀರಿಕೊಳ್ಳಬಲ್ಲದು ಎಂಬುದೂ, ಗೊತ್ತಿರಬೇಕು. ಪ್ರಯೋಗಾಲಯದ ವರದಿಯಲ್ಲಿ ನಮ್ಮ ನೀರಿನ ಕ್ಷಾರೀಯತೆ ಲೀಟರಿಗೆ 300 ಮಿಲಿಗ್ರಾಂ ದಾಟಿತ್ತು.

ಈಗ ನಾವು ಅನುಸರಿಸುವ ಕ್ರಮ ಹೀಗಿದೆ. ಕೊಳವೆಬಾವಿಯ ನೀರಿಗೆ ಅಷ್ಟೇ ಪ್ರಮಾಣದ ಆರ್‌ಒ ನೀರು ಬೆರೆಸುತ್ತೇವೆ. ಫ್ಲೋರೈಡ್ ಕಾಟದಿಂದಾಗಿ ಇಲ್ಲಿನ ಊರೂರಿನಲ್ಲೂ ಶುದ್ಧ ಕುಡಿಯುವ ನೀರಿನ ಘಟಕಗಳಿರುವುದರಿಂದ ಅದು ಸಿಗುವುದು ಕಷ್ಟವಿಲ್ಲ. ಗೊಬ್ಬರ ಹಾಕುವ ಮೊದಲೇ ಈ ಮಿಶ್ರಣಕ್ಕೆ ಫಾಸ್ಫಾರಿಕ್ ಆಸಿಡ್ ಸೇರಿಸಿ, ಅಕ್ವೇರಿಯಂ ಗಾಳಿಪಂಪು ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ಅಳೆದು ಸರಿಪಡಿಸುತ್ತೇವೆ. ಪೋಷಕಾಂಶಗಳು ಸೇರುವುದು ಆಮೇಲೆ. ಆರ್‌ಒ ಬೆರೆಸದೆ ಆಸಿಡ್ಡಿನಿಂದಲೇ ಎಲ್ಲವನ್ನೂ ಸಾಧಿಸಲು ಹೊರಟರೆ ರಂಜಕ ಅಳತೆ ಮೀರುತ್ತದೆ. ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ಡನ್ನು, ನಂಬಬೇಡಿ. ಸೂಕ್ಷ್ಮಜೀವಿಗಳು ಅದನ್ನು ತಿಂದುಹಾಕುವುದರಿಂದ ಪರಿಣಾಮ ಉಳಿಯುವುದಿಲ್ಲ. ಇನ್ನು, ಯಾವ ಆಸಿಡ್ ಆದರೂ ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್ಡಿಗೆ ನೀರನ್ನಲ್ಲ. ಕೈಗವಸು, ಕನ್ನಡಕ ಇಲ್ಲದೆ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬೀಗ ಹಾಕಿದ ಕಪಾಟೇ ಜಾಗ.

ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ತೊಟ್ಟಿಯಲ್ಲಿ ಕಬ್ಬಿಣ ಇದ್ದರೂ ಹೀಗಾಗುತ್ತದೆ, ಏಕೆಂದರೆ ಪಿಎಚ್ 6.5 ದಾಟಿದರೆ ಇಡಿಟಿಎ (ಕಬ್ಬಿಣವನ್ನು ಕರಗಿದಂತೆಯೇ ಹಿಡಿದಿಡುವ ರಾಸಾಯನಿಕ) ರೂಪದ ಕಬ್ಬಿಣ ನೀರಿನಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆಯ ನೀರಿಗೆ ಅಂಥದ್ದೇ ಇನ್ನೊಂದು ರಾಸಾಯನಿಕವಾದ ಡಿಟಿಪಿಎ ರೂಪದ್ದು ಮೇಲು. ಗೊಬ್ಬರದ ಪೊಟ್ಟಣದ ಮೇಲೆ ಈ ಹೆಸರು ಇದೆಯೇ ಎಂದು ನೋಡಿ ಕೊಳ್ಳಿ.

ಪೆನ್ನಿನ ಗುಣಮಟ್ಟದ ಬಗ್ಗೆ ನನಗೆ ಮೆಚ್ಚುಗೆಯಿದೆ. 6.86 ಮತ್ತು 4.01ರ ಬಫರ್ ದ್ರಾವಣಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳು) ಹದಿನೈದು ದಿನಕ್ಕೊಮ್ಮೆ ಹೊಂದಿಸಿದರೆ ವ್ಯತ್ಯಾಸ 0.1ರೊಳಗೇ ಇರುತ್ತದೆ. ಅದಕ್ಕಿಂತ ಹೆಚ್ಚಿನ ನಿಖರತೆ ಸೊಪ್ಪಿಗೆ ಬೇಕಿಲ್ಲ. ಮಾರಿದ ಕಂಪನಿಯ ಮೇಲೆ ಮಾತ್ರ ನನಗೆ ಕೋಪವಿದೆ. ಪೆನ್ನು ನಮ್ಮ ಕೈಗೆ ಬಂದಾಗ ಅದರ ಮುಚ್ಚಳ ಒಣಗಿತ್ತು. 'ಶುದ್ಧ ನೀರಿನಲ್ಲಿ ಇಡಿ' ಎಂಬ ಸೂಚನೆ ಬೇರೆ. ಗಾಜಿನ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿಯಾಗಲಿ ಆರ್‌ಒ ನೀರಿನಲ್ಲಿಯಾಗಲಿ ಇಡಬಾರದು, ಒಳಗಿನ ಲವಣ ಹೊರಗೆ ಸೋರಿ ಅದು ಬೇಗ ಹಾಳಾಗುತ್ತದೆ. ಇಡಬೇಕಾದದ್ದು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ. ಚಿಕ್ಕ ಬಾಟಲಿಯ ಬೆಲೆ ಪೆನ್ನಿನ ಬೆಲೆಯ ಮುಂದೆ ಏನೂ ಅಲ್ಲ, ಅದನ್ನು ಕಿಟ್ಟಿನ ಜೊತೆ ಕೊಡದಿರುವುದು ಗ್ರಾಹಕರಿಗೆ ಮಾಡುವ ಅನ್ಯಾಯ.

ತೇವಾಂಶ ಮಾಪಕದ ಅಂಕಿಯನ್ನು ಪರೀಕ್ಷಿಸದೆ ನಂಬಬೇಡಿ. ಬಾಟಲಿ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಒಳಗಿನ ತೇವಾಂಶ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಮಾಪಕ 79 ತೋರಿಸಿತು, ಹಾಗಾಗಿ ಪ್ರತಿ ಬಾರಿಯೂ ನಾಲ್ಕು ಕಳೆದು ಓದುತ್ತೇವೆ. ತೂಗುಹಾಕುವ ಜಾಗವೂ ಮುಖ್ಯ. ದೀಪದ ಶಾಖ ತಗುಲುವಲ್ಲಿ ಇಟ್ಟರೆ ತೇವಾಂಶ ಕಡಿಮೆ ಎಂದು ತೋರಿಸುತ್ತದೆ. ಎಲೆಗಳ ಎತ್ತರದಲ್ಲಿ, ನೆರಳಿನಲ್ಲಿ ಇರಲಿ.

ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ನಮ್ಮ ಕೋಣೆ ಶೇಕಡ 30ಕ್ಕೆ ಇಳಿಯುತ್ತದೆ. ಕಿಟಕಿಗೆ ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸಿದರೆ 50ರ ಹತ್ತಿರ ಬರುತ್ತದೆ, ಯಂತ್ರ ಬೇಕಿಲ್ಲ. ನಿಜವಾದ ತೊಂದರೆ ಇರುವುದು ಅಕ್ಟೋಬರ್ ಮಳೆಯಲ್ಲಿ. ಆಗ ರಾತ್ರಿ 85 ದಾಟುತ್ತದೆ, ಲೆಟ್ಯೂಸಿನ ಒಳಗಿನ ಎಳೆ ಎಲೆಗಳ ಅಂಚು ಕಂದಾಗಿ ಸುಡುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ತೊಟ್ಟಿಗೆ ಇನ್ನಷ್ಟು ಸುರಿದರೆ ಪ್ರಯೋಜನವಿಲ್ಲ. ಎಲೆಯಿಂದ ನೀರು ಆವಿಯಾದಾಗ ಅದರ ಎಳೆತಕ್ಕೆ ಕ್ಯಾಲ್ಸಿಯಂ ಬೇರಿನಿಂದ ಮೇಲೇರುತ್ತದೆ. ಗಾಳಿ ಆಗಲೇ ನೀರಿನಿಂದ ತುಂಬಿದ್ದರೆ ಆ ಎಳೆತ ಕುಂದುತ್ತದೆ. ಲೆಕ್ಕದಲ್ಲಿ ಹೇಳಬೇಕೆಂದರೆ, 25 ಡಿಗ್ರಿಯಲ್ಲಿ ತೇವಾಂಶ 65 ಇದ್ದಾಗ ಗಾಳಿಯ ಆವಿಯ ಕೊರತೆ (ಗಾಳಿ ಇನ್ನೂ ಎಷ್ಟು ನೀರಾವಿ ಹಿಡಿಯಬಲ್ಲದು ಎಂಬುದರ ಒತ್ತಡದ ಅಳತೆ) 1.1 ಕಿಲೋಪಾಸ್ಕಲ್, 85 ಇದ್ದಾಗ 0.5ಕ್ಕೂ ಕಡಿಮೆ. ಗಿಡಗಳ ಮೇಲೆ ಮೆಲ್ಲಗೆ ಗಾಳಿ ಬೀಸುವ ಚಿಕ್ಕ ಫ್ಯಾನ್ ಇಟ್ಟ ಮೇಲೆ ಅಂಚು ಸುಡುವುದು ಬಹುಮಟ್ಟಿಗೆ ನಿಂತಿತು. ತೊಟ್ಟಿಯ ಕ್ಯಾಲ್ಸಿಯಂ ಅನ್ನು ನಾವು ಮುಟ್ಟಲೇ ಇಲ್ಲ.

ಎರಡನೆಯ ಬೇಸಿಗೆಯ ಹೊತ್ತಿಗೆ ಪೆನ್ನು ಅಂಕಿ ನಿಲ್ಲಿಸಲು ಒಂದು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳತೊಡಗಿದೆ. ಗಾಜಿನ ಮೇಲಿನ ಸುಣ್ಣದ ಪೊರೆಯನ್ನು ತೆಳು ವಿನೆಗರಿನಲ್ಲಿ ಅದ್ದಿ ತೆಗೆದರೆ ಸ್ವಲ್ಪ ಚುರುಕಾಗುತ್ತದೆ, ಆದರೂ ಎಲೆಕ್ಟ್ರೋಡಿನ ಆಯಸ್ಸು ಮುಗಿಯುತ್ತಾ ಬಂದಿದೆ. ಎಲೆಕ್ಟ್ರೋಡಿಗೆ ಇದು ಸಹಜವಾದ ಆಯಸ್ಸೇ. ಆದರೆ ಈ ಮಾದರಿಯಲ್ಲಿ ಅದನ್ನು ಮಾತ್ರ ಬದಲಿಸಲು ಬರುವುದಿಲ್ಲ, ಇಡೀ ಪೆನ್ನನ್ನೇ ಎಸೆಯಬೇಕು. ಹೊಸದಾಗಿ ಕೊಳ್ಳುವವರು ಹಣ ಸ್ವಲ್ಪ ಹೆಚ್ಚಾದರೂ ಎಲೆಕ್ಟ್ರೋಡ್ ಬಿಚ್ಚಿ ಬದಲಿಸಬಹುದಾದ ಮಾದರಿಯನ್ನೇ ಕೇಳಿ, ಬಿಡಿಭಾಗ ಈಗಲೂ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡಿ.